ನೀಲವ್ವನ ಪಾಲಿನ ಹನ್ನೆರಡು ಹರವಿಗಳು

ನೀಲವ್ವನ ಪಾಲಿನಲ್ಲಿ ಒಡೆದ ನೀರಿನ ಹರವಿಗಳು ನನ್ನವು. ಹನ್ನೆರಡೂ ನನ್ನವು. ಅವು ಇನ್ನೂ ಹಸಿ ಇದ್ದವು — ಹಸಿ ಇವೆ ಎಂದು ತಿಳಿದೇ ನಾನು ಅವನ್ನು ಗಡಿಗೆ ಸುಡುವ ಆವಿಗೆಯಲ್ಲಿಟ್ಟೆ. ಯಾರವು ಎಂದು ಕೇಳಿದಾಗ ನನ್ನವಲ್ಲವೆಂಬಂತೆ ಮಾತಾಡಿದೆ. ಆಮೇಲೆ ಐವತ್ತು ವರ್ಷಕ್ಕೂ ಮಿಕ್ಕಿ ಆ ಮಾತಿನ ಮರೆಯಲ್ಲೇ ಉಂಡೆ, ಮಲಗಿದೆ, ಮಕ್ಕಳ ಮದುವೆ ಮಾಡಿದೆ.

ಇಷ್ಟನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಸುತ್ತಿ ಬಳಸಿ ಕಡೆಗೆ ಹೇಳೋಣವೆಂದು ಎರಡು ಸಲ ಶುರು ಮಾಡಿದ್ದೆ. ಎರಡು ಸಲವೂ ಕಡೆ ಬರಲೇ ಇಲ್ಲ.

ಖಾನಾಪುರದ ಹೊರಗೆ, ಮಲಪ್ರಭೆಯ ದಂಡೆಗೆ, ನಮ್ಮವು ಐದು ಕುಂಬಾರರ ಮನೆಗಳು. ಮುಂದೆ ಇದನ್ನು ಓದುವ ಹೊರಗಿನವರು, ಕುಂಬಾರರು ಎಂದೊಡನೆ ಬರೀ ಗಡಿಗೆ ಮಾಡಿ ಬದುಕಿದವರು ಎಂದುಕೊಳ್ಳಬೇಡಿ. ಮಳೆಗಾಲ ಪೂರ್ತಿ ನಾವು ರೈತರು — ಮನೆಗೊಂದು ತುಂಡು ಗದ್ದೆ, ಮೊಣಕಾಲುದ್ದ ಕೆಸರು, ನಾಟಿ. ಭತ್ತದ ಕೊಯ್ಲಾದ ಮೇಲೆ ಗಡಿಗೆ ಮಾಡುವ ತಿಗರಿ ತಿರುಗುತ್ತಿತ್ತು. ಬೇಸಿಗೆಗೆ ಕೆಲವರು ಕಾಡಿಗೆ ಹೋಗಿ ಅಳಲೆಕಾಯಿ ಆರಿಸಿ ತಂದು ಮಾರುತ್ತಿದ್ದರು, ಕೆಲವರು ಬಾಡಿಗೆಗೆ ಬಂಡಿ ಹೊಡೆಯುತ್ತಿದ್ದರು. ಎಮ್ಮೆಯಿದ್ದ ಮನೆಯ ಬೆಣ್ಣೆ ಪೇಟೆಗೆ ಹೋಗುತ್ತಿತ್ತು. ಎಮ್ಮೆಯ ಸಗಣಿ ಕುಳ್ಳಾಗಿ ಆವಿಗೆಗೆ, ಆವಿಗೆಯ ಬೂದಿ ಭತ್ತದ ಸಸಿಮಡಿಗೆ, ಗಡಿಗೆ ಕೊಟ್ಟು ತಂದ ಹುಲ್ಲು ತಿರುಗಿ ಎಮ್ಮೆಗೆ. ಗಡಿಗೆಗೆ ಅದು ಹಿಡಿಯುವಷ್ಟು ಭತ್ತ ಅಳೆದು ಕೊಡುವುದು ಸುತ್ತಿನ ಹಳ್ಳಿಗಳ ವಾಡಿಕೆ. ಹೀಗೆ ಯಾವ ಕೆಲಸವೂ ಒಂದೇ ನಿಂತಿರಲಿಲ್ಲ. ಒಂದನ್ನು ಕಿತ್ತರೆ ಉಳಿದವು ಏನಾಗುತ್ತವೆ ಎಂಬುದು ನನಗೆ ಆಗ ತಿಳಿದಿರಲಿಲ್ಲ. ತಿಳಿದಿದ್ದರೆ? — ಬೇಡ, ಆ ಪ್ರಶ್ನೆಯ ಹಿಂದೆ ಅವಿತುಕೊಳ್ಳುವುದು ಬೇಡ.

ಐದು ಮನೆಗೂ ಗಡಿಗೆ ಸುಡುವ ಆವಿಗೆ ಒಂದೇ. ದುಂಡನೆಯ ತಗ್ಗು, ಅದರ ಸುತ್ತ ಸೊಂಟದೆತ್ತರದ ಮಣ್ಣಿನ ಗೋಡೆ. ರೊಟ್ಟಿ ಹರಿದಂತೆ ಅದನ್ನು ಹಿರಿಯರು ಐದು ಪಾಲು ಮಾಡಿದ್ದರು. ಗಡಿಗೆಯ ಮೇಲೆ ಯಾರೂ ಗುರುತು ಹಾಕುತ್ತಿರಲಿಲ್ಲ. ಯಾರ ಪಾಲಿನಲ್ಲಿ ಇದೆಯೋ ಅದು ಅವರದು. ನಮ್ಮ ಪಾಲಿಗೆ ಹೊಂದಿ ಇದ್ದದ್ದು ನೀಲವ್ವನ ಪಾಲು.

ನೀಲವ್ವ ಎಂದರೆ ಅಪ್ಪನ ದಾಯಾದಿ ತಮ್ಮನ ಹೆಂಡತಿ. ನಾನು ಚಿಗವ್ವ ಎನ್ನುತ್ತಿದ್ದೆ. ಗಂಡ ಜ್ವರದಲ್ಲಿ ಹೋದ ಮೇಲೆ ಆರು ವರ್ಷದ ಮಗಳು ಗಂಗವ್ವ, ಒಂದು ಎಮ್ಮೆ, ತುಂಡು ಗದ್ದೆ ಮತ್ತು ಗಂಡನ ತಿಗರಿ — ಇವಿಷ್ಟು ಅವಳಿಗೆ ಉಳಿದವು. ನಮ್ಮಲ್ಲಿ ಹೆಂಗಸರು ಮಣ್ಣು ತುಳಿಯುತ್ತಿದ್ದರು, ಗಡಿಗೆ ಬಡಿದು ತೆಳುವಾಗಿಸುತ್ತಿದ್ದರು, ತಲೆಯ ಮೇಲೆ ಹೊತ್ತು ಮಾರುತ್ತಿದ್ದರು. ತಿಗರಿಗೆ ಮಾತ್ರ ಕೂಡುತ್ತಿರಲಿಲ್ಲ. ಚಿಗವ್ವ ಒಂದು ವರ್ಷ ಆ ತಿಗರಿಯನ್ನು ಗೋಡೆಗೆ ಆನಿಸಿಟ್ಟಿದ್ದಳು. ಮರುವರ್ಷ ಅದನ್ನು ಅಂಗಳಕ್ಕೆ ಉರುಳಿಸಿ ತಂದು, ಹಗಲಿನಲ್ಲಿ, ಎಲ್ಲರಿಗೂ ಕಾಣುವಂತೆ ಕುಳಿತಳು.

ಐದು ಮನೆಗೂ ಹಿರಿಯನಾದ ಮಲ್ಲಪ್ಪಜ್ಜ ಬೇಲಿಯ ಆಚೆ ನಿಂತು ಗದರಿದ: “ಹೆಂಗಸು ತಿಗರಿಗಿ ಕುಂತ್ರ ಆವಿಗಿ ಒಡೀತೈತಿ. ಹಿರ್ಯಾರು ಸುಮ್ಮ ಹೇಳಿಲ್ಲ, ನೀಲವ್ವಾ.”

ಅವಳು ಕೈ ತೆಗೆಯದೆ ಹೇಳಿದಳು: “ತಿಗರಿಗಿ ಮೀಸಿ ಬೇಕೇನ್ರಿ ಅಜ್ಜಾರ? ಹಂಗಿದ್ರ ನಿಮ್ಮವು ಕಡಾ ಕೊಡ್ರಿ. ಸಂಜಿಕ ತಿರಿಗಿ ಕೊಡತೀನಿ.”

ನಾನು ನಕ್ಕಿದ್ದೆ. ಮಲ್ಲಪ್ಪಜ್ಜ ನಗಲಿಲ್ಲ. ಆ ವರ್ಷದ ಉಳಿದ ಎರಡು ಆವಿಗೆಗಳು ಸುಸೂತ್ರ ಬೆಂದವು, ಅವನು ಸುಮ್ಮನಾದ. ಆದರೆ ಆ ಮಾತು ಸತ್ತಿರಲಿಲ್ಲ, ಒಂದು ಸಾಕ್ಷಿಗಾಗಿ ಕಾದು ಕುಳಿತಿತ್ತು. ಆ ಸಾಕ್ಷಿಯನ್ನು ಒದಗಿಸಿದವನು ನಾನು.

ನನಗಾಗ ಹತ್ತೊಂಬತ್ತು. ಬೆಳಗಾವಿಯಲ್ಲಿ ಮ್ಯಾಟ್ರಿಕ್‌ವರೆಗೆ ಓದಿ, ಮ್ಯಾಟ್ರಿಕ್ ಪಾಸಾಗದೆ ಮನೆಗೆ ಬಂದು ಕುಳಿತಿದ್ದೆ. ಕೈಯಲ್ಲಿ ಕಸುಬಿತ್ತು, ತಲೆಯಲ್ಲಿ ಇನ್ನೂ ಸಾಲೆಯ ಗತ್ತಿತ್ತು. ಆ ಚಳಿಗಾಲ ಬೆಳಗಾವಿಯಲ್ಲಿ ದೊಡ್ಡದೊಂದು ಸಭೆ ಕೂಡಲಿತ್ತು — ದೇಶದ ಮೂಲೆಮೂಲೆಯಿಂದ ಜನ ಬರುವವರಿದ್ದರು, ಊರ ಹೊರಗೆ ಡೇರೆಗಳು ಎದ್ದಿದ್ದವು. ಅಷ್ಟು ಜನಕ್ಕೆ ಕುಡಿಯುವ ನೀರು ತುಂಬಿಡಲು ಹರವಿ ಬೇಕಿದ್ದವು. ಹರವಿಯೆಂದರೆ ಒಂದಾಳು ತಬ್ಬಿ ಎತ್ತುವಂಥ ದೊಡ್ಡ ಮಣ್ಣಿನ ಪಾತ್ರೆ. ರವಿವಾರ ಪೇಟೆಯ ವ್ಯಾಪಾರಿಯೊಬ್ಬರು ಎಷ್ಟು ಕೊಡಬಲ್ಲೆ ಎಂದು ಕೇಳಿದಾಗ ನಾನು ನಲವತ್ತು ಎಂದೆ. ಅಪ್ಪನನ್ನು ಕೇಳಲಿಲ್ಲ. ಆ ಸಭೆಯ ಜನ ನನ್ನ ಕೈಯ ಹರವಿಯ ನೀರು ಕುಡಿಯಬೇಕು — ಅದೊಂದೇ ಆಸೆ. ಲಾಭದ ಆಸೆಯಾಗಿದ್ದರೆ ಒಪ್ಪಿಕೊಳ್ಳುವುದು ಸುಲಭವಿತ್ತೇನೋ. ನನ್ನದು ದೊಡ್ಡ ಮಾತಿನ ಬಟ್ಟೆ ಹೊದ್ದ ಬರೀ ಜಂಬ.

ಖಾನಾಪುರದ ಮಾರ್ಗಶಿರದ ಚಳಿ ಗೊತ್ತಿದ್ದವರಿಗೆ ಗೊತ್ತು. ಹೊಳೆಯ ಮೇಲಿನ ಮಂಜು ಹೊತ್ತೇರಿದರೂ ಏಳುವುದಿಲ್ಲ. ಹರವಿಯ ತಳ ದಪ್ಪ. ನೆರಳಿನಲ್ಲಿ ಹದಿನೈದು ದಿನವಾದರೂ ಒಣಗಬೇಕು. ಮೊದಲು ಮಾಡಿದ ಇಪ್ಪತ್ತೆಂಟು ಒಣಗಿದ್ದವು. ಕಡೆಯ ಹನ್ನೆರಡಕ್ಕೆ ಎಂಟು ದಿನವಷ್ಟೇ ಆಗಿತ್ತು.

ಅಪ್ಪ ಪ್ರತಿಯೊಂದು ಪಾತ್ರೆಯನ್ನೂ ಗಲ್ಲಕ್ಕೆ ಹಚ್ಚಿ ನೋಡಿಯೇ ಆವಿಗೆಗೆ ಕಳಿಸುತ್ತಿದ್ದ. ಗಲ್ಲಕ್ಕೆ ತಂಪು ತಾಗಿದರೆ ಒಳಗೆ ನೀರಿದೆ ಎಂದರ್ಥ. ಬೆಂಕಿ ಹತ್ತಿದಾಗ ಆ ನೀರು ಆವಿಯಾಗಿ ಪಾತ್ರೆ ಸಿಡಿಯುತ್ತದೆ, ಅಕ್ಕಪಕ್ಕದವನ್ನೂ ಒಡೆಯುತ್ತದೆ. ಇದನ್ನು ನಾನು ನಡೆಯಲು ಕಲಿತಂದಿನಿಂದ ಬಲ್ಲೆ. ಬಲ್ಲೆನಾದ್ದರಿಂದಲೇ ಆ ಹನ್ನೆರಡನ್ನು ಮಂಜು ಸರಿದೊಡನೆ ಹಿತ್ತಲ ಬಿಸಿಲಿಗಿಟ್ಟು, ತಿರುತಿರುಗಿಸಿ, ಮೈ ಬೆಚ್ಚಗಾದ ಕೂಡಲೇ ಒಂದೊಂದಾಗಿ ಅಪ್ಪನ ಮುಂದೆ ತಂದೆ. ಅವನ ಕಣ್ಣು ಮಂದವಾಗಿದ್ದವು, ಗಲ್ಲವನ್ನೇ ನಂಬಿದ್ದ. ಆ ಗಲ್ಲಕ್ಕೆ ನಾನು ಸುಳ್ಳು ಹೇಳಿದೆ.

“ಚಲೋ ಒಣಗ್ಯಾವಲ್ಲೋ,” ಎಂದ ಅಪ್ಪ.

“ಹೂಂ,” ಎಂದೆ. ಅವನು ಭತ್ತ ಬಡಿಯುವ ಕಣಕ್ಕೆ ಹೋದ.

ಆವಿಗೆಯ ನಮ್ಮ ಪಾಲು ಇಪ್ಪತ್ತೆಂಟಕ್ಕೇ ತುಂಬಿಹೋಯಿತು. ಚಿಗವ್ವ ಬದಿಯಲ್ಲಿ ತನ್ನ ಗಡಿಗೆ ಜೋಡಿಸುತ್ತಿದ್ದಳು. ಉಳಿದ ಮೂರು ಮನೆಯವರು ತಮ್ಮವನ್ನಿಟ್ಟು ಹೋಗಿದ್ದರು, ಬೇರೆ ಯಾರೂ ಇರಲಿಲ್ಲ. ಅವಳ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇತ್ತು. ಕೇಳಿದೆ.

“ಇಡೋ ತಮ್ಮಾ, ಖಾಲಿ ಜಾಗಾ ಉಪವಾಸ ಕೆಡವೂದ್ಯಾಕ,” ಎಂದಳು. ಮತ್ತೆ ನನ್ನ ಮುಖ ನೋಡಿ, “ಒಣಗ್ಯಾವ ಹೌದಿಲ್ಲೋ?”

“ಅಪ್ಪ ನೋಡ್ಯಾನ, ಚಿಗವ್ವಾ.”

ಅದು ಖರೇ. ಅಪ್ಪ ನೋಡಿದ್ದ. ಹನ್ನೆರಡು ಹರವಿಗಳನ್ನೂ ಅವಳೇ ಒಳಗಿಂದ ಕೈನೀಡಿ ಇಳಿಸಿಕೊಂಡಳು. ಇಬ್ಬರೂ ಸೇರಿ ಮೇಲೆ ಹುಲ್ಲು ಮುಚ್ಚಿ ಮಣ್ಣು ಮೆತ್ತಿದೆವು.

ಮರುದಿನ ಬೆಳಿಗ್ಗೆ ಬೆಂಕಿ ಹಾಕಿದರು. ಬಿಸಿಲು ಏರುವ ಹೊತ್ತಿಗೆ ಮೊದಲನೆಯದು ಸಿಡಿಯಿತು. ನೆಲದೊಳಗೆ ಯಾರೋ ಗುದ್ದಿದಂಥ ಸದ್ದು. ಆಮೇಲೆ ಇನ್ನೊಂದು. ಆಮೇಲೆ ಎಣಿಸಲಾಗಲಿಲ್ಲ — ಮುಚ್ಚಿಗೆಯ ಮಣ್ಣು ಬಿರಿದು ಹುಲ್ಲು ಮೇಲಕ್ಕೆ ಚಿಮ್ಮಿತು. ಐದು ಮನೆಯ ಜನ ಸುತ್ತ ನಿಂತಿದ್ದೆವು. ಉರಿಯುವ ಆವಿಗೆಯನ್ನು ಆರಿಸುವಂತಿಲ್ಲ, ತೆರೆಯುವಂತಿಲ್ಲ. ಬರೀ ಕೇಳುತ್ತ ನಿಲ್ಲಬೇಕು.

ಮೂರನೆಯ ದಿನ ತೆರೆದಾಗ ಐದೂ ಮನೆಯ ಗಡಿಗೆಗಳಲ್ಲಿ ಮುಕ್ಕಾಲು ಹೋಗಿದ್ದವು. ಆ ವರ್ಷದ ಮೊದಲ ಸುಡುವಿಕೆ ಅದು. ಹುಲ್ಲು, ಕಾಳು ತರಬೇಕಾದ ಗಡಿಗೆಗಳು. ಬೂದಿಯ ತಗ್ಗು ಬಿದ್ದದ್ದು ನೀಲವ್ವನ ಪಾಲಿನ ನಟ್ಟನಡುವೆ. ಒಡೆತ ಅಲ್ಲಿಂದಲೇ ಶುರುವಾದದ್ದು ಕುರುಡನಿಗೂ ಕಾಣುವಂತಿತ್ತು.

ಮಲ್ಲಪ್ಪಜ್ಜ ಬೂದಿಯಲ್ಲಿ ಕೋಲಾಡಿಸಿ ಕೇಳಿದ: “ಈ ಹರವಿ ಯಾರವು?”

“ನನ್ನವಲ್ಲ,” ಎಂದಳು ಚಿಗವ್ವ. “ನನ್ನವು ಸಣ್ಣ ಗಡಿಗಿ. ಹರವಿ ಇಟ್ಟಾಂವ ಇಲ್ಲೇ ನಿಂತಾನ.” ನನ್ನ ಕಡೆ ತಿರುಗಿದಳು. ಆಗಲೂ ಅವಳ ದನಿಯಲ್ಲಿ ದೂರು ಇರಲಿಲ್ಲ — ನಾನು ಹೇಳಿಯೇ ಹೇಳುತ್ತೇನೆಂಬ ನಂಬಿಕೆಯಿತ್ತು. “ಹೇಳೋ ತಮ್ಮಾ.”

ಎಲ್ಲರೂ ನನ್ನನ್ನು ನೋಡಿದರು. ನಾನು ಹೇಳಿದ ಮಾತು ಇದು, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ:

“ನನ್ನ ಹರವಿ ನನ್ನ ಪಾಲಿನ್ಯಾಗ ಅದಾವು.”

ಅದರಲ್ಲೂ ಸುಳ್ಳಿರಲಿಲ್ಲ. ನನ್ನ ಇಪ್ಪತ್ತೆಂಟು ಹರವಿಗಳು ನನ್ನ ಪಾಲಿನಲ್ಲೇ ಇದ್ದವು. ಸಾಲೆ ಕಲಿತವನ ಸುಳ್ಳು ಹಾಗಿರುತ್ತದೆ — ಎಲ್ಲಿ ಹಿಡಿದರೂ ಜಾರುತ್ತದೆ.

ಅಪ್ಪ ಬಗ್ಗಿ ಒಂದು ಬೋಕಿಯನ್ನು ಎತ್ತಿಕೊಂಡ. ಹರವಿಯ ಕಂಠದ ಚೂರು. ಅದರ ಅಂಚಿನ ಮೇಲೆ ಹೆಬ್ಬೆರಳಾಡಿಸಿದ. ಕುಂಬಾರನಿಗೆ ಮಗನ ಕೈಬರಹಕ್ಕಿಂತ ಮಗನ ಕೈಯ ಅಂಚು ಚೆನ್ನಾಗಿ ಗೊತ್ತು. ಅವನು ನನ್ನ ಕಡೆ ನೋಡಲಿಲ್ಲ. ಬೋಕಿಯನ್ನು ತಿರುಗಿ ಬೂದಿಗೆ ಹಾಕಿ ಕೈ ಒರೆಸಿಕೊಂಡ. ಸಾಯುವವರೆಗೆ ಆ ಮಾತು ತೆಗೆಯಲಿಲ್ಲ. ಅಪ್ಪನ ಮೌನದ ಲೆಕ್ಕ ಅವನದು. ಅದನ್ನು ನನ್ನ ಬೆನ್ನಿನಿಂದ ಇಳಿಸಿ ಅವನ ಹೆಗಲಿಗೆ ಹೊರಿಸಲು ಇದನ್ನು ಬರೆಯುತ್ತಿಲ್ಲ. ಆದರೆ ನಡೆದದ್ದು ನಡೆದಂತೆ ಇರಲಿ.

“ಹೆಂಗಸು ತಿಗರಿಗಿ ಕುಂತದ್ದಕ್ಕ ಆದದ್ದು ಇದು,” ಎಂದ ಮಲ್ಲಪ್ಪಜ್ಜ. “ಮ್ಯಾಲ ಸುಳ್ಳ ಬ್ಯಾರೆ. ಸಾಲಿ ಕಲ್ತ ಹುಡುಗನ ಮ್ಯಾಲ ಹಾಕ್ತಾಳ.”

ಚಿಗವ್ವ ಅಳಲಿಲ್ಲ. ಮತ್ತೊಮ್ಮೆ ನನ್ನನ್ನು ಕೇಳಲೂ ಇಲ್ಲ. ಮಗಳ ಕೈ ಹಿಡಿದು ನಡೆದುಬಿಟ್ಟಳು. ಅಂದೇ ಮಾತಾಯಿತು — ಆವಿಗೆಯಲ್ಲಿ ಇನ್ನು ನೀಲವ್ವನ ಗಡಿಗೆ ಇಡುವಂತಿಲ್ಲ. ಅವಳ ಪಾಲು ಯಾರಿಗೆ? ಹೊಂದಿಕೊಂಡವರಿಗೆ. ಅಂದರೆ ನಮಗೆ. ನಾನು ಬೇಡವೆನ್ನಲಿಲ್ಲ.

ಉಳಿದ ಹರವಿಗಳನ್ನು ಬಂಡಿಯಲ್ಲಿ ಹೇರಿಕೊಂಡು ಬೆಳಗಾವಿಗೆ ಹೋದೆ. ಸಭೆಯನ್ನೂ ನೋಡಿದೆ. ದೂರದ ಯಾರೋ ನನ್ನ ಹರವಿಯಿಂದ ನೀರು ಮೊಗೆದು ಕುಡಿದು, ತಣ್ಣಗಿದೆ ಎಂದು ತಮ್ಮ ಭಾಷೆಯಲ್ಲಿ ಹೇಳಿದರು — ಭಾಷೆ ತಿಳಿಯಲಿಲ್ಲ, ಮುಖ ತಿಳಿಯಿತು. ನನಗೆ ಹೆಮ್ಮೆಯಾಯಿತು. ಆ ಹೊತ್ತಿನಲ್ಲೂ ಹೆಮ್ಮೆಯಾಯಿತು! ಇದನ್ನು ಬಿಟ್ಟು ಬರೆದರೆ ಈ ಬರಹವೂ ಆ ಹಿಂದಿನ ಮಾತಿನಂತೆಯೇ ಆದೀತು.

ಇನ್ನು ಚಿಗವ್ವನ ಮನೆಯಲ್ಲಿ ಏನಾಯಿತೆಂದು ಹೇಳಬೇಕು. ಒಂದೇ ಪೆಟ್ಟಿಗೆ ಏನೂ ಆಗಲಿಲ್ಲ, ಅದೇ ಕೆಟ್ಟದ್ದು. ಮೊದಲು ಅವಳು ಅಂಗಳದಲ್ಲೇ ಸಣ್ಣ ಗೂಡು ಮಾಡಿ ಗಡಿಗೆ ಸುಟ್ಟಳು. ಅಷ್ಟು ಸಣ್ಣ ಗೂಡಿನಲ್ಲಿ ಕಾವು ನಿಲ್ಲುವುದಿಲ್ಲ, ಗಡಿಗೆ ಅರೆಬೆಂದವು. ಬೆಂದವನ್ನೂ ಹಳ್ಳಿಯವರು ಮುಟ್ಟಲಿಲ್ಲ. ಸುದ್ದಿ ಅವಳಿಗಿಂತ ಮುಂದೆ ನಡೆದಿತ್ತು. ಗಡಿಗೆ ಇಲ್ಲದೆ ಹುಲ್ಲು ಇಲ್ಲ. ಹುಲ್ಲಿಲ್ಲದೆ ಎಮ್ಮೆ ಬತ್ತಿತು, ಮಳೆಗಾಲಕ್ಕೆ ಮುಂಚೆ ಅದು ಸಂತೆಗೆ ಹೋಯಿತು. ಎಮ್ಮೆಯಿಲ್ಲದೆ ಬೆಣ್ಣೆಯಿಲ್ಲ, ಗೊಬ್ಬರವಿಲ್ಲ; ಆವಿಗೆಯ ಬೂದಿಯಲ್ಲಿ ಅವಳ ಸಸಿಮಡಿಗೆ ಪಾಲೂ ಇಲ್ಲ. ಆ ವರ್ಷ ಅವಳ ಸಸಿ ಗಿಡ್ಡವಾಗಿ ಹಳದಿ ತಿರುಗಿದ್ದನ್ನು ನಾನು ನಮ್ಮ ಬದುವಿನ ಮೇಲೆ ನಿಂತು ನೋಡಿದೆ. ಬೇಸಿಗೆಗೆ ಅಳಲೆಕಾಯಿ ಆರಿಸಿದಳು, ಪರರ ಗದ್ದೆಯಲ್ಲಿ ನಾಟಿ ಹಚ್ಚಿದಳು. ಒಂದೇ ಕೈಕೆಲಸದ ಮೇಲೆ ನಮ್ಮ ಸೀಮೆಯಲ್ಲಿ ಯಾವ ಸಣ್ಣ ಮನೆಯೂ ನಿಂತಿಲ್ಲ. ಎರಡನೆಯ ವರ್ಷ ಗದ್ದೆಯನ್ನು ಪಾಲಿಗೆ ಕೊಟ್ಟು, ಗಂಗವ್ವನನ್ನು ಕರೆದುಕೊಂಡು ಬೆಳಗಾವಿಗೆ ಹೋದಳು.

ಒಂದೇ ಸಲ, ಅವಳು ಊರು ಬಿಟ್ಟ ಮರುವರ್ಷ, ರವಿವಾರ ಪೇಟೆಯಲ್ಲಿ ಕಂಡಳು. ಕಾಳಿನ ಅಂಗಡಿಯೊಂದರ ಮುಂದೆ ನಾಲ್ಕಾರು ಹೆಂಗಸರ ಸಾಲಿನಲ್ಲಿ ಕುಳಿತು ಕಾಳು ಹಸನು ಮಾಡುತ್ತಿದ್ದಳು. ತಲೆಯ ಸೆರಗಿನ ಮೇಲೆಲ್ಲ ಹೊಟ್ಟು. ನಾನು ಮರೆಯಾಗುವ ಮೊದಲೇ ನೋಡಿಬಿಟ್ಟಳು.

“ಬಾರೋ ಸಾಲಿ ಕಲ್ತಾಂವ! ಈ ಸಲ ಒಣಗ್ಯಾವೇನೋ?”

ಬಾಜು ಕುಳಿತಿದ್ದವಳು ಕೇಳಿದಳು: “ಯಾರವಾ ಅಂವ?”

“ನಮ್ಮ ಭಾವನ ಮಗಾ. ಮಗ್ಗಿ ಎಲ್ಲಾ ಬಾಯಿಪಾಠ ಬರತಾವ ಅವಗ. ಖರೇ ಒಂದ ಬರೂದಿಲ್ಲ, ಪಾಪ.”

ಹೆಂಗಸರೆಲ್ಲ ನಕ್ಕರು. ಅವಳೂ ನಕ್ಕಳು. ಮೊರದಲ್ಲಿ ಕಾಳು ಕೇರುತ್ತಲೇ ಇದ್ದಳು, ಕೈ ನಿಲ್ಲಿಸಲಿಲ್ಲ. ನಾನು ಅಲ್ಲಿಯೇ, ಆ ನಗುವಿನ ನಡುವೆ, ‘ನನ್ನದು ತಪ್ಪಾತು ಚಿಗವ್ವಾ’ ಎಂದಿದ್ದರೆ — ಇಲ್ಲ, ಅನ್ನಲಿಲ್ಲ. ಎತ್ತಿನ ಬಾಲ ತಿರುವಿ ಬಂಡಿ ಹೊಡೆದೆ. ಅಂದಿನಿಂದ ಪೇಟೆಗೆ ಹೋದರೆ ಬೇರೆ ಓಣಿ ಹಿಡಿದು ಹೋಗುತ್ತಿದ್ದೆ. ವರ್ಷಗಳ ಮೇಲೆ ಅವಳು ತೀರಿದ ಸುದ್ದಿ ಬಂದಾಗಲೂ ಮಣ್ಣಿಗೆ ಹೋಗಲಿಲ್ಲ.

ಇಷ್ಟು ದಿನ ಇಲ್ಲದ್ದು ಈಗೇಕೆ ಎಂದು ನೀವು ಕೇಳಬಹುದು. ನನ್ನ ಮಗನೂ ಅದನ್ನೇ ಕೇಳಿದ.

ಅವಳ ಹೆಸರು ನಮ್ಮ ಐದು ಮನೆಗಳಲ್ಲಿ ಗಾದೆಯಾಗಿದೆ. ಹೆಣ್ಣುಮಗಳು ಯಾರಾದರೂ ಆಟಕ್ಕೆ ತಿಗರಿ ಮುಟ್ಟಿದರೂ “ನೀಲವ್ವನ ಆವಿಗಿ ಮಾಡಬ್ಯಾಡ” ಎಂದು ಕೈ ಮೇಲೆ ಹೊಡೆಯುತ್ತಾರೆ. ನಾನು ಅದನ್ನು ಕೇಳುತ್ತ ಮುದುಕನಾದೆ. ಹೋದ ತಿಂಗಳು ನನ್ನ ಮೊಮ್ಮಗಳು ಸಾವಿತ್ರಿ ತಿಗರಿ ಕಲಿಯುತ್ತೇನೆಂದು ಹಟ ಹಿಡಿದಳು. ಗದ್ದೆಯೊಂದರಿಂದ ಮನೆ ನಡೆಯುವುದಿಲ್ಲ, ಅಣ್ಣಂದಿರಿಗೆ ಮಣ್ಣು ಬೇಡವಾಗಿದೆ, ತನಗೆ ಬೇಕು ಎಂದಳು. ನನ್ನ ಮಗ ಅದೇ ಗಾದೆ ಹೇಳಿದ. ಹುಡುಗಿ ನನ್ನ ಕಡೆ ತಿರುಗಿದಳು.

“ಅಜ್ಜಾ, ನೀ ಅಲ್ಲೇ ಇದ್ದೆಲ್ಲಾ ಆವಾಗ? ಖರೇನ ಹೆಂಗಸು ಕುಂತದ್ದಕ್ಕ ಒಡೀತೇನು?”

ಹಿಂದೊಮ್ಮೆ ಹೀಗೆಯೇ ಎಲ್ಲರೂ ನನ್ನನ್ನು ನೋಡಿದ್ದರು. ಈ ಸಲ ನಾನು ಹೇಳಿದೆ. ಹನ್ನೆರಡು ಹರವಿ, ಬಿಸಿಲು, ಅಪ್ಪನ ಗಲ್ಲ — ಎಲ್ಲ. ಊರ ಮುಂದೆಯೂ ಹೇಳುತ್ತೇನೆಂದೆ. ಮಗ ಎದ್ದು ಹೊರಗೆ ಹೋದ. ತಿರುಗಿ ಬಂದು, “ಮನ್ಯಾಗ ಆತಲ್ಲ, ಸಾಕು. ಊರ ಮಂದಿ ಮುಂದ ಯಾಕ? ಮಾರಿ ಮ್ಯಾಲ ಉಗಳ್ತಾರ,” ಎಂದ. ಉಗುಳಲಿ. ಅವಳ ಮೇಲೆ ಬಿದ್ದದ್ದು ಊರ ಮುಂದೆ ಬಿದ್ದದ್ದು. ಮನೆಯೊಳಗೆ ಒರೆಸಿದರೆ ಹೋಗುವಂಥದ್ದಲ್ಲ.

ಹೋದ ವಾರ ವಿಳಾಸ ಹುಡುಕಿ ಬೆಳಗಾವಿಗೆ ಗಂಗವ್ವನ ಮನೆಗೆ ಹೋದೆ. ಅರವತ್ತರ ಹತ್ತಿರದ ಹೆಂಗಸು ಈಗ. ಗುರುತು ಹೇಳಿದೆ. “ಕುಂದರ್ರಿ,” ಎಂದಳು. ನಾನು ನಿಂತೇ ಹೇಳಿದೆ. ಅವಳ ಅವ್ವನ ಪಾಲನ್ನು ಬಿಟ್ಟುಕೊಡುತ್ತೇನೆ, ಅದು ಅವಳದೇ ಎಂದೆ.

“ಜಾಗಾ ತಗೊಂಡ ನಾ ಏನ ಮಾಡ್ಲಿರಿ ಈಗ? ನನಗ ಗಡಿಗಿ ಮಾಡಾಕ ಬರೂದಿಲ್ಲ. ಕಲಿಸಾಕ ಅವ್ವಗ ಜಾಗಾ ಎಲ್ಲಿತ್ತು?” ಎಂದಳು. ಆಮೇಲೆ ತಾನೇ ಹೇಳಿದಳು: “ನಮ್ಮವ್ವ ಸುಳ್ಳ ಹೇಳಿಲ್ಲ ಅಂತ ಹೇಳ್ರಿ. ನನ್ನ ಮುಂದಲ್ಲ, ನನಗ ಮೊದಲ ಗೊತ್ತೈತಿ. ಅಲ್ಲಿ ಹೇಳ್ರಿ, ಆವಿಗಿ ಮುಂದ, ಐದೂ ಮನಿ ಮಂದಿ ನಿಂತಾಗ. ನಾ ಬಂದ ನಿಲ್ಲತೀನಿ.”

ಕ್ಷಮೆಯ ಮಾತು ಅವಳು ಆಡಲಿಲ್ಲ. ನಾನು ಕೇಳಲೂ ಇಲ್ಲ. ಕೇಳಬೇಕಾದವಳು ಇಲ್ಲ, ಇದ್ದಾಗ ಬೇರೆ ಓಣಿ ಹಿಡಿದವನಿಗೆ ಈಗ ಅದನ್ನು ಮಗಳಿಂದ ಬೇಡುವ ಹಕ್ಕಿಲ್ಲ.

ಸೋಮವಾರ ಈ ವರ್ಷದ ಮೊದಲ ಆವಿಗೆ. ಐದೂ ಮನೆಗೆ ನಾನೇ ನಡೆದು ಹೋಗಿ, ಬೆಂಕಿ ಹಾಕುವ ಮೊದಲು ಎಲ್ಲರೂ ಬರಬೇಕೆಂದು ಹೇಳಿ ಬಂದಿದ್ದೇನೆ. ಏನೆಂದು ಕೇಳಿದವರಿಗೆ ಬಂದಾಗ ತಿಳಿಯುತ್ತದೆ ಎಂದಿದ್ದೇನೆ. ಮಗ ಆ ದಿನ ಊರಲ್ಲಿ ಇರುವುದಿಲ್ಲವಂತೆ. ಸಾವಿತ್ರಿ ಇರುತ್ತಾಳೆ. ಈ ಕಾಗದವನ್ನು ನಾನೇ ಓದುತ್ತೇನೆ. ಅಂದು ಓದಲು ಬೇರೆಯವರ ಕೈಗೆ ಕೊಡುವುದಿಲ್ಲ.

ಗಂಗವ್ವ ಬೆಳಗಾವಿಯಿಂದ ಮೊದಲ ಬಸ್ಸಿಗೆ ಬರುತ್ತಾಳೆ. ಅವಳು ಬಂದು ನಿಲ್ಲುವವರೆಗೆ ಬೆಂಕಿ ಹಚ್ಚಗೊಡುವುದಿಲ್ಲ.